ಪಿಂಚಣಿ ಬಂತಾ? ಕೊರೋನ ವರ್ಷಗಳಲ್ಲಿ ನಮ್ಮೂರಿನ ಅಜ್ಜಿಯಂದಿರು

ಕಾಸರಗೋಡಿನ ಚರಿತ್ರೆ ಎಂದ ಕೂಡಲೇ ನಾವೆಲ್ಲ 1956ನೇ ಇಸವಿ ನವೆಂಬರ್ 1ಕ್ಕೆ ಹೋಗುತ್ತೇವೆ. ಅಲ್ಲಿಯವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದ ನಮ್ಮ ನೆಲ ಅಂದು ಕೇರಳಕ್ಕೆ ಸೇರಿತು. ಆಮೇಲೆ ಮಹಾಜನ ಆಯೋಗ, ಕನ್ನಡ ಶಾಲೆಗಳ ಪಾಡು, ಹೋರಾಟಗಳು. ಇವನ್ನೆಲ್ಲ ಬರೆಯಲೇಬೇಕು, ಬರೆದವರೂ ಇದ್ದಾರೆ. ಆದರೆ ನಮ್ಮ ಮನೆಮನೆಯ ಜಗಲಿಯಲ್ಲಿ ವರ್ಷಗಟ್ಟಲೆ ಕೇಳಿಬಂದ ಒಂದು ಮಾತು ಆ ಚರಿತ್ರೆಯಲ್ಲಿ ಎಲ್ಲಿಯೂ ಇಲ್ಲ. "ಪೆನ್ಶನ್ ಬಂತಾ?" ಎನ್ನುವ ಮಾತು. ಎದುರುಮನೆಯವರು ಕೇಳುತ್ತಾರೆ, ರೇಶನ್ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿಯೂ ಕೇಳುತ್ತಾರೆ.

ನಾನು ಇಲ್ಲಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮಧ್ಯಾಹ್ನದ ಹೊತ್ತು ವಾಚನಾಲಯದಲ್ಲಿ ಕುಳಿತಿರುತ್ತೇನೆ. ಪೇಪರ್ ಓದಲು ಬರುವವರಿಗಿಂತ ಕಾಗದ ಓದಿಸಿಕೊಳ್ಳಲು ಬರುವ ಅಜ್ಜಿಯಂದಿರೇ ಹೆಚ್ಚು. ಪಂಚಾಯತಿನ ಕಾಗದ ಮಲಯಾಳದಲ್ಲಿ, ಬ್ಯಾಂಕಿನ ಪಾಸ್‌ಬುಕ್ ಇಂಗ್ಲಿಷಿನಲ್ಲಿ, ಅಜ್ಜಿಯ ಮಾತು ತುಳುವಿನಲ್ಲಿ ಇಲ್ಲವೇ ಕನ್ನಡದಲ್ಲಿ. 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಂತೆ ನಾವು ಸರಕಾರಕ್ಕೆ ಕನ್ನಡದಲ್ಲಿಯೇ ಬರೆಯಬಹುದು. ಬರೆಯಬಹುದು ಎನ್ನುವುದು ಬೇರೆ, ಕೈಗೆ ಬರುವ ಅರ್ಜಿ ಯಾವ ಭಾಷೆಯಲ್ಲಿ ಉಂಟು ಎನ್ನುವುದು ಬೇರೆ. ಹೀಗೆ ಕುಳಿತು ಓದಿ ಹೇಳುವಾಗ ಕೇಳಿದ್ದನ್ನು, ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 2020ರ ಆ ದಿನಗಳು ಮಕ್ಕಳಿಗೆ ಈಗಲೇ ಹಳೇ ಕಥೆಯಂತೆ ಆಗುತ್ತಿವೆ.

ಪಿಂಚಣಿ ಎಲ್ಲಿಂದ ಬಂತು

ಸಂಬಳದ ಕೆಲಸದಲ್ಲಿ ಇದ್ದವರಿಗೆ ಪಿಂಚಣಿ ಹಳೆಯ ಸಂಗತಿ. ಗದ್ದೆಯಲ್ಲಿ ನೇಜಿ ನೆಟ್ಟವರಿಗೆ, ತೋಟದಲ್ಲಿ ಅಡಿಕೆ ಹೆಕ್ಕಿದವರಿಗೆ ಅದು ಬಹಳ ತಡವಾಗಿ ಬಂದದ್ದು. ದಿಕ್ಕಿಲ್ಲದವರಿಗೂ ವಿಧವೆಯರಿಗೂ ಸಣ್ಣ ಸಹಾಯ ಕೊಡುವ ಕ್ರಮ ಕೇರಳ ರಾಜ್ಯ ಹುಟ್ಟಿದ ಕೆಲವೇ ವರ್ಷಗಳಲ್ಲಿ ಶುರುವಾಗಿತ್ತು. ಆದರೆ ಹೆಚ್ಚಿನವರ ಮನೆಗೆ ಪಿಂಚಣಿ ಎಂಬ ಶಬ್ದ ಬಂದದ್ದು 1980ರಲ್ಲಿ. ಆಗಿನ ನಾಯನಾರ್ ಸರಕಾರ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿ ಕೊಡಲು ಶುರು ಮಾಡಿತು. "ನನ್ನ ಹೆಸರಿಗೆ ಬಂದ ಮೊದಲ ದುಡ್ಡು ಅದು, ಟೀಚರೇ" ಎಂದು ಒಬ್ಬರು ಅಜ್ಜಿ ನನಗೆ ಹೇಳಿದ್ದುಂಟು. ಅಲ್ಲಿಯವರೆಗೆ ಅವರ ಕೂಲಿಯೆಲ್ಲ ಗಂಡನ ಕೈಗೋ ಮಾವನ ಕೈಗೋ ಹೋಗುತ್ತಿತ್ತು.

ಕೇಂದ್ರ ಸರಕಾರದ ವೃದ್ಧಾಪ್ಯ ಪಿಂಚಣಿ 1995ರ ಆಗಸ್ಟ್ 15ರಂದು ಬಂತು, ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ರೂಪಾಯಿ ಆಯಿತು. 80 ದಾಟಿದವರಿಗೆ ಆಮೇಲೆ 500 ಮಾಡಿದರು. 60ರಿಂದ 79ರವರೆಗಿನವರಿಗೆ ಕೇಂದ್ರದ ಪಾಲು ಆ 200ರಲ್ಲಿಯೇ ನಿಂತಿದೆ. ಮೇಲಿನದ್ದು ರಾಜ್ಯ ಕೊಡುವುದು. ಕೇರಳದಲ್ಲಿ ಈಗ ಐದು ಬಗೆಯ ಪಿಂಚಣಿ ಉಂಟು: ಕೃಷಿ ಕಾರ್ಮಿಕರದ್ದು, ವೃದ್ಧಾಪ್ಯದ್ದು, ವಿಧವೆಯರದ್ದು, ಅಂಗವಿಕಲರದ್ದು, ಮತ್ತೆ 50 ದಾಟಿದ ಮದುವೆಯಾಗದ ಹೆಂಗಸರದ್ದು. 2016ರಲ್ಲಿ 600 ರೂಪಾಯಿ ಇದ್ದದ್ದು 1000ಕ್ಕೆ ಏರಿತು, ಕೊರೋನ ಬರುವ ಹೊತ್ತಿಗೆ 1200 ಆಗಿತ್ತು.

ಇದು ಪಿಂಚಣಿಯ ಒಂದು ಚರಿತ್ರೆ, ಎಷ್ಟು ಎನ್ನುವ ಚರಿತ್ರೆ. ಸರಕಾರದ ಜಾಹೀರಾತಿನಲ್ಲಿ, ಚುನಾವಣೆಯ ಭಾಷಣದಲ್ಲಿ ಇರುವುದು ಇದೇ. ಯಾವಾಗ ಬಂತು, ಯಾರು ತಂದರು ಎನ್ನುವುದು ಇನ್ನೊಂದು ಚರಿತ್ರೆ. ಅಜ್ಜಿಯಂದಿರ ನೆನಪಿನಲ್ಲಿ ಇರುವುದು ಈ ಎರಡನೆಯದು. ಕೊರೋನ ಕಾಲವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇದೇ ಬೇಕು.

ತಂದುಕೊಡುವ ಕೈ

ಮೊದಲು ಪಿಂಚಣಿ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ತೋಡು ದಾಟಿ, ಗುಡ್ಡ ಹತ್ತಿ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸಿ ಕೊಡುತ್ತಿದ್ದರು. ಚಾಯ ಕುಡಿದು ಹೋಗುತ್ತಿದ್ದರು. ಆಮೇಲೆ ಎಲ್ಲವೂ ಖಾತೆಗೆ ಎಂದಾಯಿತು. ಖಾತೆಗೆ ಬಂದದ್ದು ಗೊತ್ತಾಗಬೇಕಾದರೆ ಬ್ಯಾಂಕಿಗೆ ಹೋಗಬೇಕು. ಹೋಗಲು ಬಸ್ಸಿಗೆ ದುಡ್ಡು, ಜೊತೆಗೆ ಬರುವವರ ಒಂದು ದಿನದ ಕೂಲಿ ನಷ್ಟ. "ಬಂದಿಲ್ಲ" ಎಂಬ ಮಾತು ಕೇಳಿ ಬರಲು ನಮ್ಮಲ್ಲಿ ಎಷ್ಟೋ ಹೆಂಗಸರು ಬಸ್ಸಿಗೆ ಖರ್ಚು ಮಾಡಿದ್ದಾರೆ.

2016ರ ಓಣಂ ಹೊತ್ತಿಗೆ ಕೇರಳ ಸರಕಾರ ಒಂದು ಬದಲಾವಣೆ ಮಾಡಿತು. ಬೇಕಾದವರಿಗೆ ಪ್ರಾಥಮಿಕ ಸಹಕಾರಿ ಸಂಘಗಳ ಮೂಲಕ ಮನೆಗೇ ತಂದುಕೊಡುವ ಏರ್ಪಾಡು. ದಿನದ ಉಳಿತಾಯ ಸಂಗ್ರಹಿಸಲು ಅಂಗಡಿ ಅಂಗಡಿಗೆ ಹೋಗುವ ಸಹಕಾರಿ ಬ್ಯಾಂಕಿನ ಏಜೆಂಟರೇ ಪಿಂಚಣಿಯನ್ನೂ ತಂದರು. ಅವರು ಊರವರೇ. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು.

2019ರ ನವೆಂಬರಿನಲ್ಲಿ ಇನ್ನೊಂದು ಕ್ರಮ ಬಂತು, ಮಸ್ಟರಿಂಗ್. ಪಿಂಚಣಿ ಪಡೆಯುವವರು ಜೀವಂತ ಇದ್ದಾರೆ ಎಂದು ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ ತೋರಿಸಬೇಕು. ಸತ್ತವರ ಹೆಸರಿನಲ್ಲಿ ಹಣ ಹೋಗಬಾರದು ಎನ್ನುವುದು ಸರಿಯಾದ ಮಾತೇ. ಆದರೆ ನಮ್ಮ ಕಡೆಯ ಹೆಂಗಸರ ಬೆರಳು ನೋಡಿದವರಿಗೆ ತೊಂದರೆ ಗೊತ್ತು. 40 ವರ್ಷ ಬೀಡಿ ಕಟ್ಟಿದ, ಅಡಿಕೆ ಸುಲಿದ, ಬೂದಿಯಲ್ಲಿ ಪಾತ್ರೆ ತಿಕ್ಕಿದ ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ಮಿಷನು ಹಿಡಿಯುವುದಿಲ್ಲ. ಹಾಗಾದವರು ಬೇರೆ ಪತ್ರ ತರಬೇಕು. 60 ದಾಟದ ವಿಧವೆಯರು ಪುನರ್ವಿವಾಹ ಆಗಿಲ್ಲ ಎಂದು ವರ್ಷ ವರ್ಷ ಇನ್ನೊಂದು ಪತ್ರ ಕೊಡಬೇಕು. ಆ ಸಲ ಸರಕಾರ ಅವಧಿಯನ್ನು ಮುಂದೂಡಿತು. ಆದರೂ ಕೊರೋನ ಬರುವಾಗ ಕೆಲವರ ಕಾಗದ ಅರ್ಧದಲ್ಲಿಯೇ ಇತ್ತು.

ಅಕ್ಟೋಬರಿನ ದುಡ್ಡು ಮಾರ್ಚಿನಲ್ಲಿ

ಭಾರತದ ಮೊದಲ ಕೊರೋನ ರೋಗಿ 2020ರ ಜನವರಿ 30ರಂದು ತೃಶ್ಶೂರಿನಲ್ಲಿ ಪತ್ತೆಯಾದದ್ದು. ಮೂರನೆಯದ್ದು ಫೆಬ್ರವರಿ 3ರಂದು ನಮ್ಮ ಜಿಲ್ಲೆಯಲ್ಲಿ. ಮಾರ್ಚ್ ಮಧ್ಯದಿಂದ ಗಲ್ಫಿನಿಂದ ಬಂದವರಲ್ಲಿ ಒಬ್ಬೊಬ್ಬರಿಗೇ ಕಾಯಿಲೆ ಕಂಡು, ತಿಂಗಳ ಕೊನೆಗೆ ಕಾಸರಗೋಡಿನ ಹೆಸರು ದೇಶದ ಪೇಪರುಗಳಲ್ಲೆಲ್ಲ ಬಂತು. ದೇಶಕ್ಕೆ ಬೀಗ ಬೀಳುವ ಮೊದಲೇ ನಮ್ಮ ಜಿಲ್ಲೆಗೆ ಬೀಗ ಬಿದ್ದಿತ್ತು. 60 ದಾಟಿದವರು ಅಂಗಳ ಬಿಟ್ಟು ಇಳಿಯಬಾರದು ಎಂದಾಯಿತು.

ಆ ಹೊತ್ತಿಗೆ ಅಜ್ಜಿಯಂದಿರ ಕೈಯಲ್ಲಿ ಎಷ್ಟಿತ್ತು? ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಆಗ ಪಿಂಚಣಿ ತಿಂಗಳು ತಿಂಗಳು ಬರುತ್ತಿರಲಿಲ್ಲ. ಕೆಲವು ತಿಂಗಳದ್ದು ಒಟ್ಟು ಮಾಡಿ ಓಣಂಗೋ ಕ್ರಿಸ್ಮಸಿಗೋ ವಿಷುವಿಗೋ ಕೊಡುತ್ತಿದ್ದರು. 2019ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಪಿಂಚಣಿ, ಒಟ್ಟು 2400 ರೂಪಾಯಿ, ಕೈಗೆ ಸಿಕ್ಕಿದ್ದು 2020ರ ಮಾರ್ಚ್ ಕೊನೆಗೆ. ಅಂದರೆ ಲಾಕ್‌ಡೌನ್ ಶುರುವಾಗುವಾಗ ನಮ್ಮ ಹೆಂಗಸರು ಆಗಲೇ ಐದು ತಿಂಗಳು ಕಾದಿದ್ದರು. ಅಷ್ಟರಲ್ಲಿ ಅಂಗಡಿಯ ಕಡ ಬೆಳೆದಿತ್ತು, ಕೆಲವರ ಬೆಂಡೋಲೆ ಅಡವು ಬಿದ್ದಿತ್ತು. ಬಂದ ದುಡ್ಡು ಬಂದ ಹಾಗೇ ಹಳೇ ಸಾಲಕ್ಕೆ ಹೋಯಿತು.

ಮಾರ್ಚ್ 19ರಂದು ಕೇರಳ ಸರಕಾರ 20,000 ಕೋಟಿ ರೂಪಾಯಿಯ ಪ್ಯಾಕೇಜ್ ಹೇಳಿತು. ಅದರಲ್ಲಿ ಪಿಂಚಣಿಯನ್ನು ಮುಂಗಡ ಕೊಡುವುದೂ ಸೇರಿತ್ತು. ಡಿಸೆಂಬರಿನಿಂದ ಮಾರ್ಚಿನವರೆಗಿನ ಬಾಕಿ, ಎಪ್ರಿಲ್ ತಿಂಗಳ ಹೊಸ ದರ 1300, ಎಲ್ಲ ಸೇರಿ 6100 ರೂಪಾಯಿ ವಿಷುವಿನ ಹೊತ್ತಿಗೆ ಬಂತು. ಯಾವ ಪಿಂಚಣಿಯೂ ಇಲ್ಲದ ಬಡ ಕುಟುಂಬಗಳಿಗೆ 1000 ರೂಪಾಯಿ ಬೇರೆ. ಅಷ್ಟು ದುಡ್ಡು ಒಮ್ಮೆಗೆ ಕೈಗೆ ಬಂದದ್ದರಿಂದ ಎಷ್ಟೋ ಮನೆಯ ಒಲೆ ಉರಿಯಿತು. ಆದರೆ ಆ 6100ರಲ್ಲಿ ಮುಂಗಡ ಎನ್ನುವುದು 1300 ಮಾತ್ರ. ಉಳಿದದ್ದು ಮೊದಲೇ ಕೊಡಬೇಕಾಗಿದ್ದ ದುಡ್ಡು. ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಲೆಕ್ಕ ಲೆಕ್ಕವೇ ಅಲ್ವಾ?

ಅಕ್ಕಿ ಇತ್ತು, ಕಾಸು ಇರಲಿಲ್ಲ

ಆ ದಿನಗಳಲ್ಲಿ ನಮ್ಮೂರಿನಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಅದನ್ನು ಮೊದಲು ಹೇಳಬೇಕು. ರೇಶನ್ ಅಂಗಡಿಯಲ್ಲಿ ಧರ್ಮಕ್ಕೆ ಅಕ್ಕಿ ಸಿಕ್ಕಿತು, ಆಮೇಲೆ 17 ಸಾಮಾನಿನ ಕಿಟ್ ಬಂತು. ಪಂಚಾಯತಿನ ಸಮುದಾಯ ಅಡುಗೆಮನೆಯಿಂದ ಕುಟುಂಬಶ್ರೀಯ ಹೆಂಗಸರು ಬೇಯಿಸಿದ ಊಟ ನಡೆಯಲಾಗದವರ ಮನೆಗೂ ಹೋಯಿತು.

ಇಲ್ಲದ್ದು ಕಾಸು. ಬಿ.ಪಿ. ಮಾತ್ರೆಗೆ ಕಾಸು, ಸಕ್ಕರೆ ಕಾಯಿಲೆಯ ಮದ್ದಿಗೆ ಕಾಸು, ಗ್ಯಾಸಿಗೆ, ಕರೆಂಟ್ ಬಿಲ್ಲಿಗೆ, ಗಲ್ಫಿನಲ್ಲಿ ಸಿಕ್ಕಿಬಿದ್ದ ಮಗನ ಫೋನು ಬಂದರೆ ತೆಗೆಯಲು ರೀಚಾರ್ಜಿಗೆ. ಎಲೆ ಅಡಿಕೆಗೂ ಬೇಡವೇ? ಮಾತ್ರೆಯನ್ನು ಅರ್ಧ ಮಾಡಿ ಎರಡು ದಿನಕ್ಕೆ ತಿಂದವರು ನಮ್ಮ ಗುಡ್ಡದ ಬದಿಯಲ್ಲಿಯೇ ಇದ್ದರು. "ಅರ್ಧ ತಿಂದರೆ ಎಂತ ಆಗ್ತದೆ ಟೀಚರೇ, ಪೂರ್ತಿ ಬಿಟ್ಟಿಲ್ವಲ್ಲ" ಎಂದು ಒಬ್ಬರು ನನ್ನನ್ನೇ ಸಮಾಧಾನ ಮಾಡಿದರು.

ಮದ್ದಿನ ಕಷ್ಟಕ್ಕೆ ಗಡಿಯೂ ಕಾರಣ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳದಾರಿಗಳಿಗೆ ಮಣ್ಣು ತಂದು ಸುರಿದರು. ಆಂಬುಲೆನ್ಸ್ ದಾಟಲಾಗದೆ ಮಂಜೇಶ್ವರದ ಕಡೆ ಹಲವು ರೋಗಿಗಳು ತೀರಿಕೊಂಡರು. ಎಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಭಾಷೆಯಿಂದ ಆ ಕಡೆ, ರಾಜ್ಯದಿಂದ ಈ ಕಡೆ ಇರುವ ನಮಗೆ ಗಡಿ ಎಂದರೆ ಏನೆಂದು 1956ರ ನಂತರ ಅಷ್ಟು ಗಟ್ಟಿಯಾಗಿ ತಿಳಿದದ್ದು ಆಗಲೇ. ಉಕ್ಕಿನಡ್ಕದಲ್ಲಿ ಕಟ್ಟಡ ಏಳುತ್ತಿದ್ದ ಮೆಡಿಕಲ್ ಕಾಲೇಜನ್ನು ಎಪ್ರಿಲಿನಲ್ಲಿ ಕೊರೋನ ಆಸ್ಪತ್ರೆ ಮಾಡಿದ್ದೂ ಈ ಕಾರಣಕ್ಕೆ.

ಗಡಿ ಮುಚ್ಚಿದಾಗ ಬೀಡಿಯೂ ನಿಂತಿತು. ಪಿಂಚಣಿ ಸಾಲದ ಹೆಂಗಸರಿಗೆ ಬೀಡಿಯೇ ಕೈಖರ್ಚಿನ ದಾರಿ. ಎಲೆ, ಹೊಗೆಸೊಪ್ಪು ಬರಲಿಲ್ಲ, ಬ್ರಾಂಚು ತೆರೆಯಲಿಲ್ಲ. ಬೀಡಿ ಕಟ್ಟಿ ಭವಿಷ್ಯನಿಧಿಯ ಪಿಂಚಣಿ ಪಡೆಯುವವರೂ ನಮ್ಮಲ್ಲಿದ್ದಾರೆ. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಅಂಥವರಲ್ಲಿ ಕೆಲವರ ಖಾತೆ ಗಡಿಯಾಚೆಯ ಬ್ಯಾಂಕಿನಲ್ಲಿ. ದುಡ್ಡು ಖಾತೆಗೆ ಬಿದ್ದಿತ್ತು, ಆದರೆ ನಡುವೆ ಮಣ್ಣಿನ ರಾಶಿ ಇತ್ತು.

ಇನ್ನೊಂದು ಬದಲಾವಣೆ ಮನೆಯ ಒಳಗೆ ಆಯಿತು. ಮಗನಿಗೆ ಕೆಲಸ ಹೋಯಿತು, ಸೊಸೆ ಹೋಗುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿತು. ಅಲ್ಲಿಯವರೆಗೆ ಅಜ್ಜಿಯ ಕೈಖರ್ಚು ಎನಿಸಿದ್ದ ಪಿಂಚಣಿಯೇ ಐದಾರು ಜನರ ಮನೆಗೆ ಇದ್ದ ಒಂದೇ ನಗದು ದುಡ್ಡಾಯಿತು. ಮೊಮ್ಮಕ್ಕಳ ಆನ್‌ಲೈನ್ ಕ್ಲಾಸಿನ ಮೊಬೈಲಿಗೆ ಕಂತು ಕಟ್ಟಿದ್ದು ಅಜ್ಜಿಯ ಪಿಂಚಣಿಯಲ್ಲಿ ಎಂದು ನನ್ನ ಜೊತೆಯ ಅಧ್ಯಾಪಕರು ಎಷ್ಟೋ ಮಂದಿ ಹೇಳಿದ್ದಾರೆ. ಹಾಗಾಗಿ ಪಿಂಚಣಿ ಒಂದು ತಿಂಗಳು ತಡವಾದರೆ ಕಾಯುವವರು ಒಬ್ಬರಲ್ಲ, ಇಡೀ ಮನೆ.

ಎಣ್ಮಕಜೆ, ಪಡ್ರೆ ಕಡೆಯ ತಾಯಂದಿರ ಕಷ್ಟ ಇನ್ನೂ ಹೆಚ್ಚಿನದು. ಗೇರುತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲ ಉಣ್ಣುವ ಮಕ್ಕಳು ಅಲ್ಲಿದ್ದಾರೆ. ಆ ಮಕ್ಕಳನ್ನು ನೋಡಿಕೊಳ್ಳುವ ಎಷ್ಟೋ ತಾಯಂದಿರಿಗೆ ಈಗ 60 ದಾಟಿದೆ. ತನ್ನ ಪಿಂಚಣಿ, ಮಗುವಿನ ಪಿಂಚಣಿ, ನೋಡಿಕೊಳ್ಳುವವರಿಗೆ ಕೊಡುವ ಆಶ್ವಾಸಕಿರಣದ ಸಹಾಯ, ಹೀಗೆ ಮೂರು ಕಡೆಯ ದುಡ್ಡಿಗೆ ಅವರು ಕಾಯಬೇಕು.

ಕೊನೆಯ ಅಂಕೆ

ಕೇಂದ್ರ ಸರಕಾರ ಮಾರ್ಚ್ 26ರಂದು ಹೇಳಿದ ಸಹಾಯದಲ್ಲಿ ಬಡ ವೃದ್ಧರಿಗೂ ವಿಧವೆಯರಿಗೂ ಅಂಗವಿಕಲರಿಗೂ 1000 ರೂಪಾಯಿ ಎರಡು ಕಂತಿನಲ್ಲಿ, ಜನಧನ ಖಾತೆಯ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿಯಂತೆ ಎಂದಿತ್ತು. ಬ್ಯಾಂಕಿನಲ್ಲಿ ನೂಕುನುಗ್ಗಲು ಆಗಬಾರದೆಂದು ಖಾತೆ ಸಂಖ್ಯೆಯ ಕೊನೆಯ ಅಂಕೆ ನೋಡಿ ದಿನ ಹಂಚಿದರು. 0 ಮತ್ತು 1 ಇದ್ದವರು ಎಪ್ರಿಲ್ 3ಕ್ಕೆ, 2 ಮತ್ತು 3 ಇದ್ದವರು 4ಕ್ಕೆ, ಹೀಗೆ 8 ಮತ್ತು 9 ಇದ್ದವರು 9ಕ್ಕೆ. ಕ್ರಮ ಒಳ್ಳೆಯದೇ. ಆದರೆ ಕೊನೆಯ ಅಂಕೆ ಯಾವುದು ಎಂದು ಓದಲಾಗದವರು ಏನು ಮಾಡಬೇಕು? ಅಜ್ಜಿಯಂದಿರ ಪಾಸ್‌ಬುಕ್ಕಿನ ಫೋಟೋ ಮೊಮ್ಮಕ್ಕಳು ನನ್ನ ಫೋನಿಗೆ ಕಳಿಸುತ್ತಿದ್ದರು. ನಾನು ಅಂಕೆ ನೋಡಿ ದಿನ ಹೇಳುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಮಾಡಿದ ಪಾಠದಲ್ಲಿ ಅದೇ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಎಂದು ಕಾಣುತ್ತದೆ.

ದುಡ್ಡು ಮುಟ್ಟಿಸಿದವರನ್ನು ನೆನೆಯದಿದ್ದರೆ ಈ ಬರಹ ಪೂರ್ತಿ ಆಗುವುದಿಲ್ಲ. ಸಹಕಾರಿ ಬ್ಯಾಂಕಿನ ಏಜೆಂಟರು ಮುಖಕ್ಕೆ ಬಟ್ಟೆ ಕಟ್ಟಿ, ಕೈಗೆ ಸ್ಯಾನಿಟೈಸರ್ ಹಾಕಿ, ಅಂಗಳದಲ್ಲಿಯೇ ನಿಂತು ದುಡ್ಡು ಕೊಟ್ಟರು. ಪೋಸ್ಟ್‌ಮ್ಯಾನ್ ಸಣ್ಣ ಮಿಷನು ಹಿಡಿದುಕೊಂಡು ಬಂದು ಬ್ಯಾಂಕಿನ ಖಾತೆಯಿಂದಲೇ ಮನೆ ಬಾಗಿಲಿನಲ್ಲಿ ನೋಟು ತೆಗೆದುಕೊಟ್ಟರು. ಅಗ್ನಿಶಾಮಕ ದಳದವರು ಮದ್ದು ತಂದುಕೊಟ್ಟರು. ಆಶಾ ಕಾರ್ಯಕರ್ತೆಯರು, ವಾರ್ಡ್ ಸದಸ್ಯರು ಪಟ್ಟಿ ಹಿಡಿದು ತಿರುಗಿದರು. ಆಗ ನಾನು ಕಂಡದ್ದು ಒಂದೇ. ಯಾರ ದುಡ್ಡು ಗುರುತಿನವರ ಕೈಯಲ್ಲಿ ಮನೆಗೆ ಬರುತ್ತಿತ್ತೋ ಅವರು ಹೇಗಾದರೂ ಸುಧಾರಿಸಿಕೊಂಡರು. ಕಷ್ಟಪಟ್ಟವರು ಹೆಚ್ಚಾಗಿ ಖಾತೆ ದೂರ ಇದ್ದವರು, ಬೆರಳು ಹಿಡಿಯದವರು, ಆಧಾರಿನಲ್ಲಿ ಒಂದು ಹೆಸರು ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇದ್ದವರು. ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು, ಅಲ್ಲಿಂದ ಇಂಗ್ಲಿಷಿಗೆ ತೆಗೆದುಕೊಂಡರೆ ಒಂದು ಅಕ್ಷರ ಆಚೀಚೆ ಆಗುವುದು ನಮ್ಮಲ್ಲಿ ಹೊಸತಲ್ಲ. ಆ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಕಾದವರಿದ್ದಾರೆ.

ಆಮೇಲೆ

2020ರ ಮೇ 10ಕ್ಕೆ ನಮ್ಮ ಜಿಲ್ಲೆಯ ಮೊದಲ 178 ರೋಗಿಗಳೂ ಗುಣವಾಗಿ ಮನೆಗೆ ಹೋದರು. ಕೊರೋನ ಮತ್ತೆ ಬಂತು, ಹೋಯಿತು. ಕಾಯುವುದು ಹೋಗಲಿಲ್ಲ. ಸೆಪ್ಟೆಂಬರಿನಿಂದ ಪಿಂಚಣಿ 1400, ಇನ್ನು ತಿಂಗಳು ತಿಂಗಳು ಕೊಡುತ್ತೇವೆ ಎಂದು ಸರಕಾರ ಹೇಳಿತು. 2021ರ ಜನವರಿಗೆ 1500, ಎಪ್ರಿಲಿಗೆ 1600 ಆಯಿತು. ಆಗ ಅಜ್ಜಿಯಂದಿರಿಗೆ ನೆಮ್ಮದಿ ತಂದದ್ದು ಏರಿದ ನೂರು ರೂಪಾಯಿಗಿಂತ ಹೆಚ್ಚಾಗಿ ಆ ತಿಂಗಳು ತಿಂಗಳು ಎನ್ನುವ ಮಾತು.

2023ರಲ್ಲಿ ಪಿಂಚಣಿ ಮತ್ತೆ ನಿಂತಿತು. ಪಿಂಚಣಿಗೆ ಸಾಲ ತರಲೆಂದೇ ರಾಜ್ಯ 2018ರಲ್ಲಿ ಒಂದು ಕಂಪೆನಿ ಮಾಡಿತ್ತು. ಅದರ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೆ ಕೇಂದ್ರ ಲೆಕ್ಕ ಹಾಕಿತು. ಕೇಂದ್ರ ಕೊಡಲಿಲ್ಲ ಎಂದು ರಾಜ್ಯ, ರಾಜ್ಯ ಸರಿಯಾಗಿ ಖರ್ಚು ಮಾಡಲಿಲ್ಲ ಎಂದು ಕೇಂದ್ರ. ಪಿಂಚಣಿಗೆಂದು ಪೆಟ್ರೋಲಿಗೆ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ ವರ್ಷವೇ ಈ ತಡ. 2023ರ ನವೆಂಬರಿನಲ್ಲಿ ಇಡುಕ್ಕಿಯ ಅಡಿಮಾಲಿಯಲ್ಲಿ ಇಬ್ಬರು ಮುದುಕಿಯರು ಚಟ್ಟಿ ಹಿಡಿದು ಬೀದಿಯಲ್ಲಿ ಭಿಕ್ಷೆಗೆ ಇಳಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. 2024ರ ಎಪ್ರಿಲಿನಿಂದ ಮತ್ತೆ ತಿಂಗಳ ಪಿಂಚಣಿ ಸರಿಯಾಯಿತು, ಬಾಕಿಯನ್ನು ಕಂತಿನಲ್ಲಿ ಕೊಟ್ಟರು. 2025ರ ನವೆಂಬರಿನಿಂದ 2000 ರೂಪಾಯಿ.

45 ರೂಪಾಯಿಯಿಂದ 2000ಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಹೋರಾಡಿದವರನ್ನು, ಕೊಟ್ಟವರನ್ನು ನೆನೆಯಬೇಕು. ಆದರೆ ಬರುವ ದಿನ ಗೊತ್ತಿಲ್ಲದ 2000ಕ್ಕಿಂತ ತಿಂಗಳ 5ಕ್ಕೆ ತಪ್ಪದೆ ಬರುವ 1600 ಮೇಲು ಎಂದು ಯಾವ ಅಜ್ಜಿಯೂ ಹೇಳಿಯಾರು. ದಿನ ಗೊತ್ತಿದ್ದರೆ ಅಂಗಡಿಯವನೂ ಮುಖ ನೋಡಿ ಕಡ ಕೊಡುತ್ತಾನೆ, ಮದ್ದೂ ಅರ್ಧ ಮಾಡಬೇಕಾಗಿಲ್ಲ. ಕೊರೋನ ಕಲಿಸಿದ ಪಾಠ ನನಗೆ ಕಂಡಂತೆ ಇದು. ಇನ್ನೊಂದು ಅಂಥ ಕಾಲ ಬರುವಾಗ ನಮ್ಮ ಹೆಂಗಸರು ಐದು ತಿಂಗಳ ಬಾಕಿ ಹೊತ್ತುಕೊಂಡು ಅದನ್ನು ಎದುರಿಸುವಂತೆ ಆಗಬಾರದು.

ಇದಕ್ಕೆ ನಾವು ಮಾಡಬಹುದಾದ ಕೆಲಸ ಸಣ್ಣದು. ಎಷ್ಟು ಕೊಟ್ಟರು ಎನ್ನುವುದಕ್ಕೆ ಸರಕಾರದ ದಾಖಲೆ ಉಂಟು. ನಮ್ಮ ವಾರ್ಡಿನಲ್ಲಿ ಯಾವ ದಿನ ಕೈಗೆ ಬಂತು ಎನ್ನುವುದಕ್ಕೆ ನಮ್ಮ ನೆನಪು ಬಿಟ್ಟರೆ ಬೇರೆ ಏನೂ ಇಲ್ಲ. ವಾಚನಾಲಯದಲ್ಲಿ ಒಂದು ಉದ್ದ ಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ಮೂರು ಕಲಂ: ಯಾವ ತಿಂಗಳ ಪಿಂಚಣಿ, ಬಂದ ತಾರೀಕು, ತಂದವರು ಯಾರು. ಹಳೇ ಮನಿ ಆರ್ಡರ್ ಚೀಟಿ, ಪಾಸ್‌ಬುಕ್, ಸಹಕಾರಿ ಬ್ಯಾಂಕಿನ ರಶೀದಿ ಮನೆಯ ಟ್ರಂಕಿನಲ್ಲಿ ಇದ್ದರೆ ಬಿಸಾಡಬೇಡಿ, ತನ್ನಿ. ತಾರೀಕು ಮಾತ್ರ ಬರೆದುಕೊಂಡು ವಾಪಸು ಕೊಡುತ್ತೇವೆ. ಶಾಲೆಯ ಅಧ್ಯಾಪಕರಲ್ಲಿ ನನ್ನದೊಂದು ಕೇಳಿಕೆ. ಸಮಾಜ ವಿಜ್ಞಾನದ ಮಕ್ಕಳನ್ನು ತಿಂಗಳಿಗೊಮ್ಮೆ ನೆರೆಮನೆಯ ಅಜ್ಜಿಯಂದಿರ ಹತ್ತಿರ ಕಳಿಸಿ. ಕೇಳಬೇಕಾದ ಪ್ರಶ್ನೆಯನ್ನು ಮಕ್ಕಳಿಗೆ ನಾವು ಕಲಿಸಬೇಕಾಗಿಲ್ಲ. ಅದು ಅವರಿಗೆ ಆಗಲೇ ಗೊತ್ತುಂಟು.